ನಿಂತ ಆಂಬುಲೆನ್ಸಿಗೆ ಕಾವಲು ಯಾರು? ಹೆದ್ದಾರಿ 66ರ ಒಂದು ಎರಡನೇ ಡಿಕ್ಕಿಯ ಪ್ರಕರಣ ಅಧ್ಯಯನ

ಮಂಗಳೂರು–ಉಡುಪಿ ನಡುವಿನ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಮಳೆಗಾಲದ ಒಂದು ಸಂಜೆ ಅಪಘಾತವಾಯಿತು. ಸ್ವಲ್ಪ ಹೊತ್ತಿನಲ್ಲಿ ಅದೇ ಜಾಗದಲ್ಲಿ ನೆರವಿಗೆ ಬಂದವರ ಮೇಲೆಯೇ ಇನ್ನೊಂದು ಡಿಕ್ಕಿ ಬಿತ್ತು. ಆ ಬಳಿಕ ಪೊಲೀಸರು, ಆಂಬುಲೆನ್ಸ್ ಸಿಬ್ಬಂದಿ ಮತ್ತು ಹೆದ್ದಾರಿ ಗಸ್ತಿನವರು ಕೆಲಸದ ಕ್ರಮವನ್ನು ಹೇಗೆ ಬದಲಿಸಿಕೊಂಡರು, ಯಾವುದು ಕೈಹಿಡಿಯಿತು, ಯಾವುದು ಕೈಕೊಟ್ಟಿತು ಎಂಬುದು ಇಲ್ಲಿನ ವಿಷಯ. ಜಾಗ, ಠಾಣೆ, ವಾಹನ, ವ್ಯಕ್ತಿಗಳ ಹೆಸರು ಬಿಟ್ಟಿದೆ. ಗುರುತು ಹತ್ತಬಹುದಾದ ಕೆಲವು ವಿವರಗಳನ್ನು ಬದಲಿಸಿದೆ.

ಜಾಗ ಮತ್ತು ಸಂದರ್ಭ

ಚತುಷ್ಪಥವಾದ ಮೇಲೆ ಈ ಹೆದ್ದಾರಿಯ ಒಂದೊಂದು ಬದಿಯಲ್ಲಿ 3.5 ಮೀಟರಿನ ಎರಡು ಪಥಗಳಿವೆ. ಎಡಕ್ಕೆ ಸುಮಾರು 1.5 ಮೀಟರ್ ಡಾಂಬರಿನ ಅಂಚು, ಅದರಾಚೆ ಮಣ್ಣು. ಆಂಬುಲೆನ್ಸಿನ ಅಗಲವೇ ಹತ್ತಿರ ಹತ್ತಿರ 2 ಮೀಟರ್. ಅಂದರೆ ಎಷ್ಟೇ ಬದಿಗೆ ನಿಲ್ಲಿಸಿದರೂ ಅರ್ಧ ಮೀಟರ್ ವಾಹನ ಪಥದೊಳಗೆ ಉಳಿಯುತ್ತದೆ. ಬಾಗಿಲು ತೆರೆದು ಒಬ್ಬ ಮನುಷ್ಯ ನಿಂತರೆ ಇನ್ನೊಂದು ಮೀಟರ್ ಹೋಯಿತು. ಬೇಸಿಗೆಯಲ್ಲಾದರೆ ಮಣ್ಣಿಗೆ ಇಳಿಸಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಮಣ್ಣು ಕೆಸರು. ಕೇಬಲ್ ಹಾಕಲು ಅಗೆದು ಮುಚ್ಚಿದ ಕಡೆ ಚಕ್ರ ಹೂತೇ ಹೋಗುತ್ತದೆ. ರೋಗಿಯನ್ನು ಏರಿಸಿಕೊಂಡ ಮೇಲೆ ಗಾಡಿ ಮೇಲೆ ಬಾರದಿದ್ದರೆ ಏನು ಗತಿ ಎಂಬ ಹೆದರಿಕೆಯಿಂದಲೇ ಚಾಲಕರು ಮಳೆಗಾಲದಲ್ಲಿ ಡಾಂಬರು ಬಿಟ್ಟು ಇಳಿಯುವುದಿಲ್ಲ. ಆ ಹೆದರಿಕೆ ಸಕಾರಣವೇ.

ಓಡುವ ವಾಹನಗಳ ಬೆರಕೆಯನ್ನೂ ಗಮನಿಸಬೇಕು. ನಿಮಿಷಕ್ಕೆ ಲೆಕ್ಕ ಹಾಕಿ ಓಡುವ ಖಾಸಗಿ ಎಕ್ಸ್‌ಪ್ರೆಸ್ ಬಸ್ಸುಗಳು, ಮಲ್ಪೆ ಕಡೆಯಿಂದ ಬರುವ ಮೀನಿನ ಲಾರಿಗಳು, ಮಂಗಳೂರಿನಿಂದ ಹೊರಡುವ ಗ್ಯಾಸಿನ ಬುಲೆಟ್ ಟ್ಯಾಂಕರುಗಳು, ಟಿಪ್ಪರುಗಳು, ಕೃಷ್ಣಮಠಕ್ಕೋ ಕೊಲ್ಲೂರಿಗೋ ಹೊರಟ ಹೊರಜಿಲ್ಲೆಯ ಕಾರುಗಳು ಎಲ್ಲವೂ ಒಂದೇ ರಸ್ತೆಯಲ್ಲಿ. ಯೂ-ಟರ್ನ್ ದೂರವಾದ್ದರಿಂದ ವಿರುದ್ಧ ದಿಕ್ಕಿನಲ್ಲಿ ಅಂಚು ಹಿಡಿದು ಬರುವ ದ್ವಿಚಕ್ರಿಗಳಿಗೂ ಕೊರತೆಯಿಲ್ಲ. ಮೀನಿನ ಲಾರಿಯಿಂದ ಸೋರುವ ನೀರು ಸಣ್ಣ ಮಳೆಯ ಜತೆ ಬೆರೆತರೆ ರಸ್ತೆ ಎಷ್ಟು ಜಾರುತ್ತದೆ ಎಂಬುದು ಇಲ್ಲಿನ ಬೈಕ್ ಸವಾರರಿಗೆಲ್ಲ ಗೊತ್ತು.

ನಡೆದದ್ದು

ಅಂಡರ್‌ಪಾಸ್‌ಗಾಗಿ ಎತ್ತರಿಸಿದ ಒಂದು ಏರು, ಅದರಾಚೆ ಇಳಿಜಾರು. ಇಳಿಜಾರಿನಲ್ಲಿ ಒಂದು ಕಾರು ನೀರಿನ ಮೇಲೆ ತೇಲಿದಂತಾಗಿ ಡಿವೈಡರಿಗೆ ಬಡಿದು ಬಲ ಪಥದಲ್ಲಿ ಅಡ್ಡ ನಿಂತಿತು. ಏರಿನ ನೆತ್ತಿಯಿಂದ ಅಲ್ಲಿಗೆ 110 ಮೀಟರ್. ಊರಿನವರು ಕರೆ ಮಾಡಿದರು, ಗಾಯಾಳುವನ್ನು ಹೊರಗೆ ತೆಗೆಯಲು ಕೈಜೋಡಿಸಿದರು. ಆಂಬುಲೆನ್ಸ್ ಬಂದು ಕಾರಿನ ಹಿಂದೆ, ಅಂದರೆ ಬರುವ ವಾಹನಗಳಿಗೆ ಬೆನ್ನು ಕೊಟ್ಟು ನಿಂತಿತು. ಹಿಂಬಾಗಿಲು ಪೂರ್ತಿ ತೆರೆದಿತ್ತು. ಹೆದ್ದಾರಿ ಗಸ್ತಿನ ಪಿಕಪ್ ಬಂದು ಎಡ ಅಂಚಿನಲ್ಲಿ ನಿಂತಿತು. ಎರಡೂ ವಾಹನಗಳ ಎಲ್ಲ ದೀಪಗಳೂ ಮಿಟುಕುತ್ತಿದ್ದವು. ಎಡಕ್ಕೊಂದು, ಬಲಕ್ಕೊಂದು, ನಡುವೆ ಒಂದು ಸಂದು.

ಏರು ದಾಟಿದ ಎಕ್ಸ್‌ಪ್ರೆಸ್ ಬಸ್ಸು ಕೊನೆ ಗಳಿಗೆಯಲ್ಲಿ ಆ ಸಂದಿಗೆ ನುಗ್ಗಿ ಪಾರಾಯಿತು. ಅದರ ಹಿಂದೆಯೇ ಇದ್ದ ಟಿಪ್ಪರಿಗೆ ಬಸ್ಸು ಸರಿಯುವ ತನಕ ಮುಂದೇನಿದೆ ಎಂದು ಕಾಣಲಿಲ್ಲ. ಅದು ಆಂಬುಲೆನ್ಸಿನ ಹಿಂಬದಿಯ ಎಡ ಮೂಲೆಗೆ ಬಡಿಯಿತು. ಆಂಬುಲೆನ್ಸ್ ಮುಂದಕ್ಕೆ ಜರುಗಿತು. ಬಾಗಿಲ ಬಳಿ ಸ್ಟ್ರೆಚರ್ ಹಿಡಿದಿದ್ದ ಸಿಬ್ಬಂದಿಯ ಕಾಲು ಮುರಿಯಿತು. ಮೊದಲ ಗಾಯಾಳು ಇನ್ನೂ ಕಾರಿನ ಪಕ್ಕದಲ್ಲಿದ್ದುದರಿಂದ ಬಚಾವಾದರು. ಜೀವಹಾನಿ ಆಗಲಿಲ್ಲ.

ಬಸ್ಸಿನ ಚಾಲಕ ಆಮೇಲೆ ಹೇಳಿದ್ದು ಇಷ್ಟು: “ಲೈಟ್ ಮಾತ್ರ ಕಂಡದ್ದು ಮಾರಾಯ್ರೆ, ಜನ ಇದ್ದದ್ದು ಕಾಣಲೇ ಇಲ್ಲ. ಯಾವ ಬದಿಗೆ ಹೋಗಬೇಕೂಂತ ಗೊತ್ತಾಗ್ಲಿಲ್ಲ.” ಮೊದಲಿಗೆ ಇದನ್ನು ತಪ್ಪಿಸಿಕೊಳ್ಳುವ ಮಾತು ಎಂದೇ ಎಲ್ಲರೂ ಬಗೆದರು. ಮುಂದಿನ ಬದಲಾವಣೆಗಳು ಹೆಚ್ಚುಕಡಿಮೆ ಈ ಎರಡು ವಾಕ್ಯಗಳಿಗೆ ಕೊಟ್ಟ ಉತ್ತರಗಳೇ ಆದವು.

ಕಾನೂನಿನಲ್ಲಿ ಸಿಕ್ಕ ಸಂದು

ಟಿಪ್ಪರ್ ಚಾಲಕನ ಮೇಲೆ ಭಾರತೀಯ ನ್ಯಾಯ ಸಂಹಿತೆಯ 281 (ದುಡುಕಿನ ಚಾಲನೆ) ಮತ್ತು 125(ಬಿ) (ತೀವ್ರ ಗಾಯ) ಕಲಮುಗಳಡಿ, ಮೋಟಾರು ವಾಹನ ಕಾಯ್ದೆಯ 184ರಡಿ (ಅಪಾಯಕಾರಿ ಚಾಲನೆ) ಪ್ರಕರಣ ದಾಖಲಾಯಿತು. ಜತೆಗೆ 194ಇ ಕಲಮನ್ನೂ ಸೇರಿಸಿ ಎಂದು ಕೆಲವರು ಒತ್ತಾಯಿಸಿದರು. 2019ರ ತಿದ್ದುಪಡಿಯಲ್ಲಿ ಬಂದ ಈ ಕಲಮು ಹೆಸರುವಾಸಿ: ಆಂಬುಲೆನ್ಸಿಗೆ ದಾರಿ ಬಿಡದಿದ್ದರೆ 6 ತಿಂಗಳವರೆಗೆ ಸಜೆ, ಅಥವಾ 10,000 ರೂಪಾಯಿ ದಂಡ, ಅಥವಾ ಎರಡೂ. ಆದರೆ ಅದನ್ನು ಪೂರ್ತಿ ಓದಿದರೆ ಅದು ಹೇಳುವುದು ಸಮೀಪಿಸಿ ಬರುತ್ತಿರುವ ಅಗ್ನಿಶಾಮಕ ವಾಹನ, ಆಂಬುಲೆನ್ಸ್ ಅಥವಾ ರಾಜ್ಯ ಸರಕಾರ ಸೂಚಿಸಿದ ತುರ್ತು ವಾಹನಕ್ಕೆ ಬದಿ ಸರಿದು ಕೊಡುವುದರ ಬಗ್ಗೆ. ನಿಂತ ವಾಹನದ ಬಗ್ಗೆ ಅಲ್ಲಿ ಒಂದು ಮಾತೂ ಇಲ್ಲ. ಸೈರನ್ ಹಾಕಿ ಓಡುವಾಗ ಆಂಬುಲೆನ್ಸಿಗೆ ಇರುವ ವಿಶೇಷ ರಕ್ಷಣೆ, ಅದು ನಿಂತು ಸಿಬ್ಬಂದಿ ಕೆಳಗಿಳಿದ ಗಳಿಗೆಗೆ ಮುಗಿಯುತ್ತದೆ. ಅಪಾಯ ಶುರುವಾಗುವುದೂ ಆ ಗಳಿಗೆಯಿಂದಲೇ.

ಅಮೆರಿಕದಲ್ಲಿ ಇದೇ ಸಂದನ್ನು ಮುಚ್ಚಲು ಬೇರೆಯದೇ ಕಾನೂನಿದೆ. ರಸ್ತೆ ಬದಿಯಲ್ಲಿ ದೀಪ ಮಿಟುಕಿಸಿ ನಿಂತ ತುರ್ತು ವಾಹನ ಕಂಡರೆ ಒಂದು ಪಥ ಬಿಟ್ಟು ಸರಿಯಬೇಕು, ಸರಿಯಲಾಗದಿದ್ದರೆ ವೇಗ ಇಳಿಸಬೇಕು. ದಕ್ಷಿಣ ಕೆರೊಲಿನಾದಲ್ಲಿ 1996ರಲ್ಲಿ ಶುರುವಾದ ಈ ನಿಯಮ, 2012ರಲ್ಲಿ ಹವಾಯಿ ಸೇರುವುದರೊಂದಿಗೆ 50 ರಾಜ್ಯಗಳಿಗೂ ಹಬ್ಬಿತು. ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಯ ಮುಂದೆ ಬಂದ ಮೊದಲ ಸಲಹೆಯೂ “ನಮಗೂ ಅಂಥದ್ದು ಬೇಕು” ಎಂಬುದೇ. ಬೇಕು, ಸರಿ. ಆದರೆ ಅದನ್ನು ಮಾಡುವುದು ಜಿಲ್ಲೆಯ ಕೈಯಲ್ಲಿಲ್ಲ. ಮನವಿ ಕಳಿಸಿ ಸುಮ್ಮನೆ ಕೂರುವುದೋ, ಇರುವ ಕಾಯ್ದೆಯಲ್ಲೇ ದಾರಿ ಹುಡುಕುವುದೋ ಎಂಬ ಪ್ರಶ್ನೆ ಬಂದಾಗ ಸಮಿತಿ ಎರಡನೆಯದನ್ನು ಆರಿಸಿತು. ಇಡೀ ಪ್ರಕರಣದ ಮೊದಲ ತಿರುವು ಇದು.

ಹುಡುಕಿದಾಗ ಸಿಕ್ಕದ್ದು ಮೋಟಾರು ವಾಹನ ಕಾಯ್ದೆಯ 119ನೇ ಕಲಮು. ಸಾರ್ವಜನಿಕ ಸ್ಥಳದಲ್ಲಿ ಸಂಚಾರ ನಿಯಂತ್ರಣದಲ್ಲಿ ತೊಡಗಿರುವ ಯಾವುದೇ ಪೊಲೀಸ್ ಅಧಿಕಾರಿ ಕೊಟ್ಟ ಸೂಚನೆಯನ್ನು ಚಾಲಕ ಪಾಲಿಸಲೇಬೇಕು. ಬೇಕೆಂದೇ ಪಾಲಿಸದಿದ್ದರೆ 179ರಡಿ 2,000 ರೂಪಾಯಿವರೆಗೆ ದಂಡ. ಅಂದರೆ ರಸ್ತೆಯಲ್ಲಿಟ್ಟ ಎಚ್ಚರಿಕೆಯ ಕೋನ್ ಸಾಲಿನ ತಲೆಯಲ್ಲಿ ಸಮವಸ್ತ್ರದ ಪೊಲೀಸ್ ನಿಂತು “ಎಡಕ್ಕೆ, ನಿಧಾನ” ಎಂದು ಕೈ ತೋರಿಸಿದರೆ ಅದಕ್ಕೆ ಕಾನೂನಿನ ಬಲ ಇದೆ. ಗಸ್ತಿನ ಗುತ್ತಿಗೆ ನೌಕರ ಅದೇ ಕೈ ತೋರಿಸಿದರೆ ಅದು ಬರೀ ವಿನಂತಿ. ಇದೇ ಕಲಮು ವಿದ್ಯುತ್ ಸಂಚಾರ ಸಂಕೇತ ಸಾಧನದ ಸೂಚನೆಗೂ ಅನ್ವಯಿಸುತ್ತದೆ. ಬಾಣದ ಗುರುತಿನ ಎಲ್‌ಇಡಿ ಫಲಕ ಆ ಮಾತಿನೊಳಗೆ ಬರುತ್ತದೆಯೇ ಎಂದು ಒಂದಿಷ್ಟು ಚರ್ಚೆ ನಡೆಯಿತು. ವಾದಿಸಬಹುದು, ಆದರೆ ಅದನ್ನೇ ನಂಬಿ ದಂಡ ಹಾಕುವುದು ಬೇಡ ಎಂದು ಕಾನೂನು ಬಲ್ಲವರು ಹೇಳಿದ ಮೇಲೆ ಅದನ್ನು ಎಚ್ಚರಿಕೆಗೆ ಮಾತ್ರ ಬಳಸಲು ನಿರ್ಧಾರವಾಯಿತು.

ವೇಗ ಮಿತಿಯದು ಇನ್ನೊಂದು ಕಥೆ. 112(2)ರ ಪ್ರಕಾರ ನಿರ್ದಿಷ್ಟ ರಸ್ತೆಗೆ ಕಡಿಮೆ ವೇಗ ಮಿತಿ ಹಾಕಬಹುದು. ಒಂದು ತಿಂಗಳಿಗೆ ಮೀರದ ನಿರ್ಬಂಧಕ್ಕೆ ರಾಜ್ಯಪತ್ರದ ಅಧಿಸೂಚನೆ ಬೇಡ. ಹಾಗಾದರೆ ಮಳೆಗಾಲವಿಡೀ ತಿಂಗಳಿಗೊಂದು ಆದೇಶ ಹೊರಡಿಸಿದರಾಯಿತಲ್ಲ ಎಂದು ಒಬ್ಬರು ಸೂಚಿಸಿದರು. ವಿನಾಯಿತಿಯನ್ನು ಹೀಗೆ ಎಳೆದೆಳೆದು ಬಳಸಿದರೆ ನ್ಯಾಯಾಲಯದಲ್ಲಿ ಮೊದಲ ಚಲನ್‌ಗೇ ಪ್ರಶ್ನೆ ಏಳುತ್ತದೆ. ಆದ್ದರಿಂದ ಜೋರು ಮಳೆಯ ಒಂದು ತಿಂಗಳಿಗೆ ತಾತ್ಕಾಲಿಕ ಆದೇಶ, ಅದರ ಜತೆಗೇ ಆ ಏರು–ಇಳಿಜಾರಿನ ತುಂಡಿಗೆ ಕಾಯಂ ಅಧಿಸೂಚನೆಯ ಪ್ರಸ್ತಾವ ಎಂದು ಎರಡು ಹಾದಿಯಲ್ಲಿ ಕಡತ ಹೋಯಿತು. ಫಲಕ ನೆಡುವುದಕ್ಕೆ ತೊಡಕಿರಲಿಲ್ಲ. 116(1ಎ) ಪ್ರಕಾರ ಹೆದ್ದಾರಿ ಪ್ರಾಧಿಕಾರವೇ ಸಂಚಾರ ಫಲಕ ನಿಲ್ಲಿಸಬಹುದು.

ಮೊದಲ ಪ್ರಯತ್ನ: ಇನ್ನಷ್ಟು ದೀಪ

“ಕಾಣಲಿಲ್ಲ” ಎಂದರೆ ದೀಪ ಸಾಲಲಿಲ್ಲ ಎಂದೇ ಎಲ್ಲರೂ ಅರ್ಥ ಮಾಡಿಕೊಂಡರು. ಗಸ್ತಿನ ಪಿಕಪ್ಪಿಗೆ ದೊಡ್ಡ ಎಲ್‌ಇಡಿ ಪಟ್ಟಿ ಬಂತು. ಹಗಲಲ್ಲಿ ಪ್ರಯೋಜನವಾಯಿತು. ಮಳೆಯ ರಾತ್ರಿಯಲ್ಲಿ ಮಾತ್ರ ಅದು ಕೆಡುಕೇ ಮಾಡಿತು. ಒದ್ದೆ ಡಾಂಬರು, ವೈಪರ್ ಎಳೆದ ನೀರಿನ ಗೆರೆ, ಹೆಲ್ಮೆಟ್ಟಿನ ಗಾಜು, ಇಷ್ಟರ ಮೇಲೂ ಹರಡಿದ ಕೆಂಪು–ನೀಲಿ ಬೆಳಕು ಚಾಲಕನ ಕಣ್ಣು ಕುಕ್ಕುತ್ತದೆ. ದೀಪದ ಮುಂದೆ ನಿಂತ ಮನುಷ್ಯ ಬರೀ ಕಪ್ಪು ಆಕೃತಿಯಾಗುತ್ತಾನೆ, ದೀಪದ ಪಕ್ಕದಲ್ಲಿ ನಿಂತವನು ಕಾಣಿಸುವುದೇ ಇಲ್ಲ. ಬಸ್ ಚಾಲಕ ಹೇಳಿದ್ದೂ ಅದನ್ನೇ ಅಲ್ಲವೇ? ಸಾಲದ್ದಕ್ಕೆ ಎದುರು ಬದಿಯ ರಸ್ತೆಯವರೂ ನೋಡಲು ನಿಧಾನ ಮಾಡಿ, ಆ ಬದಿಯಲ್ಲೂ ಹಿಂದಿನಿಂದ ಗುದ್ದಿಸಿಕೊಳ್ಳುವ ಪರಿಸ್ಥಿತಿ.

ಕೆಲವೇ ವಾರಗಳಲ್ಲಿ ಕ್ರಮ ತಿರುಗಿತು. ರಾತ್ರಿ ವಾಹನ ನಿಂತ ಮೇಲೆ, ಕೆಲಸದವರ ಹಿಂದೆ ಗುರಾಣಿಯಾಗಿ ನಿಂತ ವಾಹನದ ಹಿಂಬದಿ ದೀಪ ಬಿಟ್ಟು ಉಳಿದ ಮಿಟುಕು ದೀಪಗಳು ಬಂದ್. ಸಾಧ್ಯವಿದ್ದ ಕಡೆ ಹಳದಿ–ಕೇಸರಿ ಬಣ್ಣ, ನಿಧಾನ ಮಿಟುಕು. ಎದುರು ಬದಿಗೆ ಮುಖ ಮಾಡಿದ ಹೆಡ್‌ಲೈಟ್ ಕೂಡಲೇ ಆರಿಸಬೇಕು. ಕೆಲಸದ ಜಾಗಕ್ಕೆ ಬೆಳಕು ಬೇಕಾದರೆ ಎತ್ತರದಿಂದ ಕೆಳಮುಖವಾಗಿ ಬೀಳಬೇಕು, ಬರುವವರ ಕಣ್ಣಿಗಲ್ಲ.

ರೈನ್‌ಕೋಟಿನ ವಿಷಯ

ಇದನ್ನು ಚಿಕ್ಕ ವಿಷಯವೆಂದು ಬಿಡುವಂತಿಲ್ಲ. ಎಲ್ಲರಿಗೂ ಪ್ರತಿಫಲಕ ಜಾಕೆಟ್ ಇತ್ತು, ತಪಾಸಣೆಯ ಪಟ್ಟಿಯಲ್ಲೂ ಗುರುತು ಬಿದ್ದಿತ್ತು. ಡಿಕ್ಕಿಯ ಸಂಜೆಯ ಫೋಟೊ ನೋಡಿದರೆ ಒಬ್ಬರ ಮೈಮೇಲೂ ಅದು ಕಾಣುವುದಿಲ್ಲ; ಜಾಕೆಟ್ಟಿನ ಮೇಲೆ ಕಡು ನೀಲಿ ರೈನ್‌ಕೋಟ್. ಕರಾವಳಿಯಲ್ಲಿ ವರ್ಷದ ನಾಲ್ಕು ತಿಂಗಳು ಜಾಕೆಟ್ ಇದ್ದೂ ಇಲ್ಲದ ಹಾಗೆ. ಪರಿಹಾರ ಸುಲಭವಿತ್ತು: ರೈನ್‌ಕೋಟೇ ಹೊಳೆವ ಹಳದಿ–ಹಸಿರು ಬಣ್ಣದ್ದಾಗಿ, ಎದೆ, ಬೆನ್ನು, ತೋಳು, ಮೊಣಕಾಲ ಕೆಳಗೆ ಪ್ರತಿಫಲಕ ಪಟ್ಟಿ ಇರುವಂಥದ್ದು. ಖರೀದಿಯಲ್ಲಿ ಇಂಥ ಎದ್ದು ಕಾಣುವ ಉಡುಪಿನ ಭಾರತೀಯ ಮಾನಕ ಐಎಸ್ 15809 ನಮೂದಿಸಿದರು. ಹೊಳೆವ ಬಣ್ಣ ಕೆಲಸ ಮಾಡುವುದು ಹಗಲಿಗೆ ಮತ್ತು ಮುಸ್ಸಂಜೆಗೆ, ಪಟ್ಟಿ ಕೆಲಸ ಮಾಡುವುದು ಹೆಡ್‌ಲೈಟ್ ಬಿದ್ದಾಗ. ಒಂದಿದ್ದರೆ ಇನ್ನೊಂದು ಬೇಡ ಎನ್ನುವಂತಿಲ್ಲ. ಕೈಕಾಲಿನ ಪಟ್ಟಿ ಯಾಕೆಂದರೆ ಅಲುಗುವ ಪಟ್ಟಿ ಕಂಡಾಗಲೇ ಅದು ಕಂಬವಲ್ಲ, ಮನುಷ್ಯ ಎಂದು ಚಾಲಕನಿಗೆ ಹೊಳೆಯುವುದು. ಕೆಸರು ಮೆತ್ತಿದ, ಒಗೆದು ಒಗೆದು ಸವೆದ ಪಟ್ಟಿ ಬೆಳಕು ಮರಳಿಸುವುದಿಲ್ಲ. ಕತ್ತಲಲ್ಲಿ 30 ಹೆಜ್ಜೆ ದೂರದಿಂದ ಟಾರ್ಚನ್ನು ಕಣ್ಣ ಮಟ್ಟದಲ್ಲಿ ಹಿಡಿದು ನೋಡಿ, ಮಂಕಾದದ್ದನ್ನು ತೆಗೆದುಹಾಕುವ ಕ್ರಮ ಬಂತು.

ಕೋನ್, ದೂರ, ನಿಲ್ಲುವ ಕ್ರಮ

ದೂರದ ಲೆಕ್ಕವನ್ನು ಎಲ್ಲರ ಮುಂದೆ ಬೋರ್ಡಿನಲ್ಲಿ ಬರೆದದ್ದೇ ಎರಡನೇ ತಿರುವು. ಗಂಟೆಗೆ 80 ಕಿಲೊಮೀಟರ್ ಎಂದರೆ ಸೆಕೆಂಡಿಗೆ 22 ಮೀಟರ್. ಕಂಡು, ತಿಳಿದು, ಬ್ರೇಕ್ ಒತ್ತಲು 2.5 ಸೆಕೆಂಡ್ ಹಿಡಿದರೆ ಅಷ್ಟರಲ್ಲೇ 56 ಮೀಟರ್ ಕಳೆಯಿತು. ನೆನೆದ ರಸ್ತೆ, ಸವೆದ ಟೈರಿಗೆ ಘರ್ಷಣಾಂಕ (ಟೈರು ರಸ್ತೆಯನ್ನು ಹಿಡಿಯುವ ಅಳತೆ) 0.25 ಎಂದಿಟ್ಟರೆ ನಿಲ್ಲಲು ಇನ್ನೂ 101 ಮೀಟರ್. ಒಟ್ಟು 157. ಇಳಿಜಾರಾದ್ದರಿಂದ ಅದಕ್ಕಿಂತಲೂ ತುಸು ಹೆಚ್ಚು. ನೆತ್ತಿಯಿಂದ ಕಾರಿಗೆ ಇದ್ದದ್ದು 110 ಮೀಟರ್! ಟಿಪ್ಪರ್ ಚಾಲಕ ಎಷ್ಟೇ ಎಚ್ಚರವಾಗಿದ್ದರೂ ಆ ವೇಗದಲ್ಲಿ ನಿಲ್ಲಿಸಲು ಆಗುತ್ತಿರಲಿಲ್ಲ. ಅದೇ 60ರ ವೇಗದಲ್ಲಿ 98 ಮೀಟರ್ ಸಾಕು, 40ರಲ್ಲಿ 53. ಹಾಗಾಗಿ ಎಚ್ಚರಿಕೆ ಇರಬೇಕಾದದ್ದು ಅಪಘಾತದ ಹತ್ತಿರ ಅಲ್ಲ, ನೆತ್ತಿಯ ಈಚೆ. ಇಳಿಜಾರಿನಲ್ಲಿ ಎಷ್ಟು ಕೋನ್ ಇಟ್ಟರೂ ಅವು ಕಾಣುವ ಹೊತ್ತಿಗೆ ಹೊತ್ತು ಮೀರಿರುತ್ತದೆ.

ರಸ್ತೆ ಕಾಮಗಾರಿ ನಡೆಯುವ ಜಾಗದ ಸಂಚಾರ ನಿರ್ವಹಣೆಗೆ ಭಾರತೀಯ ರಸ್ತೆ ಕಾಂಗ್ರೆಸ್ಸಿನ (ಐಆರ್‌ಸಿ) ಎಸ್‌ಪಿ 55 ಮಾರ್ಗಸೂಚಿ ಇದೆ: ಮುನ್ನೆಚ್ಚರಿಕೆಯ ವಲಯ, ಪಥ ಬದಲಿಸುವ ವಲಯ, ಕೆಲಸದ ವಲಯ, ಕೊನೆಗೆ ಮರಳಿ ಪಥಕ್ಕೆ ಬರುವ ವಲಯ. ತುರ್ತಿನಲ್ಲಿ ಅಷ್ಟೂ ಮಾಡಲು ಜನರಿಲ್ಲ, ಸಮಯವಿಲ್ಲ. ಅದೇ ಚೌಕಟ್ಟನ್ನು ಕುಗ್ಗಿಸಿ ಬಳಸಿದರು. ಗಸ್ತಿನ ಪಿಕಪ್ಪಿನಲ್ಲಿ 750 ಮಿಲಿಮೀಟರ್ ಎತ್ತರದ 20 ಕೋನ್: ವಾಹನಗಳನ್ನು ಪಕ್ಕದ ಪಥಕ್ಕೆ ಸರಿಸುವ ಓರೆ ಸಾಲಿಗೆ 60 ಮೀಟರಿನಲ್ಲಿ 6 ಮೀಟರಿಗೊಂದರಂತೆ 11, ಕೆಲಸದ ಜಾಗದ ಉದ್ದಕ್ಕೆ 10 ಮೀಟರಿಗೊಂದರಂತೆ 6, ಮುಂದಿನ ತುದಿಗೆ 3. ಮುಂದಿನ ತುದಿಯ ಮೂರನ್ನು ಉಳಿತಾಯ ಎಂದು ಬಿಡಬಾರದು. ವಿರುದ್ಧ ದಿಕ್ಕಿನಲ್ಲಿ ಬರುವ ಸ್ಕೂಟರುಗಳನ್ನು ತಡೆಯುವುದು ಅವೇ. ಆಂಬುಲೆನ್ಸಿನಲ್ಲಿ ಜಾಗ ಇಲ್ಲ. ಅಲ್ಲಿಗೆ ಮಡಚುವ ದೀಪದ ಕೋನ್ 4, ಪ್ರತಿಫಲಕ ತ್ರಿಕೋನ 2, ಕೆಂಪು ದಂಡದ ಟಾರ್ಚ್ 1. ಮೊದಲು ತಂದ ಹಗುರ ಕೋನ್‌ಗಳು ಬಸ್ಸು ಹಾದ ಗಾಳಿಗೇ ಹಾರಿ ಗದ್ದೆಗೆ ಬಿದ್ದವು. ಆಮೇಲೆ 3 ಕಿಲೊಗಿಂತ ಹೆಚ್ಚು ತೂಕದ ರಬ್ಬರ್ ತಳದವು ಬಂದವು.

ಇಡುವುದು ಹೇಗೆ ಎಂಬುದಕ್ಕೆ ಹೆಚ್ಚು ಹೊತ್ತು ಹಿಡಿಯಿತು. “ಕೋನ್ ಇಡ್ಲಿಕ್ಕೆ ಹೋದವನನ್ನು ನೋಡಿಕೊಳ್ಲಿಕ್ಕೆ ಇನ್ನೊಬ್ಬ ಬೇಕು ಸರ್, ನಾವಿರುವುದೇ ಇಬ್ಬರು” ಎಂದು ಆಂಬುಲೆನ್ಸ್ ಚಾಲಕರೊಬ್ಬರು ಎತ್ತಿದ ಮಾತಿಗೆ ಯಾರ ಬಳಿಯೂ ಉತ್ತರ ಇರಲಿಲ್ಲ. ಕೊನೆಗೆ ಒಪ್ಪಿದ್ದು ಇದು: ಆಂಬುಲೆನ್ಸಿನವರು ಕೋನ್ ಸಾಲು ಹಾಕುವುದಿಲ್ಲ; ನಾಲ್ಕು ದೀಪದ ಕೋನ್ ಇಟ್ಟು ರೋಗಿಯ ಕಡೆ ಹೋಗುತ್ತಾರೆ. ಸಾಲು ಹಾಕುವುದು ಗಸ್ತಿನವರ ಕೆಲಸ. ಒಬ್ಬ ಇಡುತ್ತಾನೆ, ಇನ್ನೊಬ್ಬ ಸೀಟಿ ಹಿಡಿದು ವಾಹನಗಳನ್ನೇ ನೋಡುತ್ತಾ ನಿಲ್ಲುತ್ತಾನೆ. ಇಡುವವನು ಅಪಘಾತದ ಕಡೆಯಿಂದ ಶುರು ಮಾಡಿ ಬರುವ ವಾಹನಗಳಿಗೆ ಮುಖ ಮಾಡಿಯೇ ಅವು ಬರುವ ದಿಕ್ಕಿಗೆ ಸಾಗಬೇಕು. ಎತ್ತುವಾಗಲೂ ಹಾಗೆಯೇ: ಹತ್ತಿರದ್ದು ಮೊದಲು, ದೂರದ್ದು ಕೊನೆಗೆ, ಮುಖ ವಾಹನಗಳ ಕಡೆಗೆ. ದೂರದ ಓರೆ ಸಾಲು ಕೊನೆಯವರೆಗೂ ಉಳಿದರೆ ಎತ್ತುವವನಿಗೂ ಕಾವಲು ಇದ್ದಂತೆ.

ವಾಹನ ನಿಲ್ಲಿಸುವ ಕ್ರಮದಲ್ಲಿ ನಿಜವಾದ ಜಗ್ಗಾಟ ನಡೆಯಿತು. ಭಾರದ ವಾಹನ ಹಿಂದೆ ಗುರಾಣಿಯಾಗಿ, ಆಂಬುಲೆನ್ಸ್ ಅಪಘಾತವನ್ನು ದಾಟಿ ಮುಂದೆ ನಿಲ್ಲಬೇಕು. ಆಗ ಹಿಂಬಾಗಿಲು ಗುರಾಣಿಯ ಮರೆಯಲ್ಲಿ ತೆರೆಯುತ್ತದೆ. ಇದರಲ್ಲಿ ತಕರಾರಿಲ್ಲ. ಆದರೆ ಮೊದಲು ತಲುಪುವುದು ಸಾಮಾನ್ಯವಾಗಿ ಆಂಬುಲೆನ್ಸೇ. ಒಂಟಿಯಾಗಿ ಬಂದಾಗ? ಮುಂದೆ ಹೋಗಿ ನಿಂತರೆ ಬಿದ್ದವನ ಹಿಂದೆ ಏನೂ ಇಲ್ಲ. ಹಿಂದೆ ನಿಂತರೆ ಏರಿಸುವ ಬಾಗಿಲೇ ಟಿಪ್ಪರಿಗೆ ಎದುರು. ಕೊನೆಗೆ ಎರಡು ಹಂತ ಮಾಡಿದರು. ಒಂಟಿಯಾಗಿದ್ದಾಗ ಆಂಬುಲೆನ್ಸೇ ಗುರಾಣಿ: ಗಾಯಾಳುವಿನಿಂದ ಕನಿಷ್ಠ 15 ಮೀಟರ್ ಹಿಂದೆ, ತುಸು ಓರೆಯಾಗಿ, ಹ್ಯಾಂಡ್‌ಬ್ರೇಕ್ ಎಳೆದು. ಹಿಂಬಾಗಿಲು ತೆರೆಯುವಂತಿಲ್ಲ, ಸಾಮಾನು ಪಕ್ಕದ ಬಾಗಿಲಿಂದ. ಗುರಾಣಿ ವಾಹನ ಬಂದ ಕೂಡಲೇ ಆಂಬುಲೆನ್ಸ್ ಮುಂದಕ್ಕೆ, ಆಮೇಲಷ್ಟೇ ಸ್ಟ್ರೆಚರ್. ಚಕ್ರದ ತಿರುವಿಗೂ ನಿಯಮವಿದೆ. ಬಲ ಪಥದಲ್ಲಾದರೆ ಡಿವೈಡರ್ ಕಡೆಗೆ, ಎಡದಲ್ಲಾದರೆ ಮಣ್ಣಿನ ಕಡೆಗೆ. ಗುದ್ದಿಸಿಕೊಂಡರೂ ಗಾಡಿ ಕೆಲಸದವರ ಮೇಲೆ ಹೋಗಬಾರದು. ಎಲ್ಲ ವಾಹನಗಳೂ ಒಂದೇ ಬದಿಯಲ್ಲಿ ನಿಲ್ಲಬೇಕು. “ಯಾವ ಬದಿಗೆ ಹೋಗಬೇಕೂಂತ ಗೊತ್ತಾಗ್ಲಿಲ್ಲ” ಎಂಬ ಮಾತಿಗೆ ಇದು ಉತ್ತರ.

ತಂತ್ರಜ್ಞಾನ ಎಷ್ಟು ಉಪಯೋಗಕ್ಕೆ ಬಂತು

ನಕ್ಷೆಯ ಆ್ಯಪ್‌ಗಳಲ್ಲಿ ಅಪಘಾತ ಗುರುತಿಸುವುದನ್ನು ನಿಯಂತ್ರಣ ಕೊಠಡಿಗೆ ಕಲಿಸಿದರು. ಹೊರಜಿಲ್ಲೆಯ ಕಾರಿನವರಿಗೆ ಅದು ತಲುಪಿರಬಹುದು. ದಿನಾ ಇದೇ ದಾರಿಯಲ್ಲಿ ಓಡುವ ಬಸ್ಸು, ಟಿಪ್ಪರ್, ಮೀನಿನ ಲಾರಿಯವರು ದಾರಿ ಕೇಳಿ ಓಡಿಸುವವರಲ್ಲ. ಅವರ ಫೋನಿನಲ್ಲಿ ನಕ್ಷೆ ತೆರೆದೇ ಇರುವುದಿಲ್ಲ. ಅಪಾಯ ಇದ್ದದ್ದು ಅವರಿಂದಲೇ. ಅವರನ್ನು ತಲುಪಿದ್ದು ಬಸ್ ನಿಲ್ದಾಣದ ಟೈಮ್‌ಕೀಪರುಗಳಿಗೆ ಹೋದ ಒಂದು ಫೋನ್ ಕರೆ. ಅವರು ಹೊರಡುವ ಬಸ್ಸಿಗೆ ಹೇಳುತ್ತಾರೆ, ದಾರಿಯಲ್ಲಿರುವ ಕಂಡಕ್ಟರಿಗೆ ಫೋನ್ ಹಚ್ಚುತ್ತಾರೆ. ಬಸ್ ಮಾಲಕರು ಅಂಥ ದಿನ ತಡವಾದ ನಿಮಿಷಗಳನ್ನು ಚಾಲಕನ ತಲೆಗೆ ಕಟ್ಟುವುದಿಲ್ಲ ಎಂದು ಒಪ್ಪಿದ ಮೇಲೆಯೇ ಅದು ಕೆಲಸ ಮಾಡಿತು.

ನೆತ್ತಿಯ ಈಚೆ 150 ಮೀಟರಿನಲ್ಲಿ ಕಂಬದ ಮೇಲೆ ಸೌರ ಮಿಟುಕು ದೀಪ ನೆಟ್ಟರು. ನಿಯಂತ್ರಣ ಕೊಠಡಿಯಿಂದಲೋ ಗಸ್ತಿನ ನಿಗದಿತ ಮೊಬೈಲಿನಿಂದಲೋ ಸಂದೇಶ ಹೋದರೆ ಹೊತ್ತಿಕೊಳ್ಳುತ್ತದೆ, ಕೆಳಗೆ “ಮುಂದೆ ಅಪಘಾತ, ನಿಧಾನ” ಎಂಬ ಫಲಕ. ಮೊದಲ ಮಳೆಗಾಲದಲ್ಲಿ ಅದು ಬೇಕಾದಾಗಲೇ ಹೊತ್ತಲಿಲ್ಲ. ಬಂದ ಪೆಟ್ಟಿಗೆಯಲ್ಲಿದ್ದದ್ದು 12 ವೋಲ್ಟಿನ 7 ಆಂಪಿಯರ್-ಅವರ್ ಬ್ಯಾಟರಿ, ಅಂದರೆ 84 ವಾಟ್-ಅವರ್. ಅರ್ಧದಷ್ಟನ್ನೇ ಬಳಸಬಹುದು ಎಂದಿಟ್ಟರೆ 42. ಸಂದೇಶಕ್ಕಾಗಿ ಕಾಯುವ ಜಿಎಸ್‌ಎಂ ರಿಲೇ (ಮೊಬೈಲ್ ಸಂದೇಶಕ್ಕೆ ಚಾಲೂ ಆಗುವ ಸ್ವಿಚ್) ಒಂದೇ ದಿನಕ್ಕೆ 24 ವಾಟ್-ಅವರ್ ತಿನ್ನುತ್ತದೆ. ಬಿಸಿಲಿಲ್ಲದೆ ಎರಡು ದಿನ ಕಳೆದರೆ ಬ್ಯಾಟರಿ ಸತ್ತಿತು. ಇಲ್ಲಿ ಆಷಾಢದಲ್ಲಿ ವಾರಗಟ್ಟಲೆ ಸೂರ್ಯನ ಮುಖ ಕಾಣುವುದಿಲ್ಲ. ದೀಪ ಹೊತ್ತುವುದಕ್ಕಿಂತ ಕಾಯುವುದಕ್ಕೇ ಹೆಚ್ಚು ಖರ್ಚು ಎಂಬುದು ಪೂರೈಕೆದಾರನ ಲೆಕ್ಕದಲ್ಲಿ ಇರಲಿಲ್ಲ. 40 ಆಂಪಿಯರ್-ಅವರ್ ಬ್ಯಾಟರಿ, 40 ವಾಟ್ ಸೌರ ಫಲಕ ಹಾಕಿದ ಮೇಲೆ ಬಿಸಿಲಿಲ್ಲದೆಯೂ ಹತ್ತು ದಿನ ನಿಲ್ಲುವಂತಾಯಿತು. ಆಗ ಇನ್ನೊಂದು ಕೈಕೊಟ್ಟಿತು: ಪ್ರೀಪೇಯ್ಡ್ ಸಿಮ್ಮಿನ ಅವಧಿ ಮುಗಿದಿತ್ತು. ಯಾರ ಹೆಸರಿನ ಸಿಮ್, ಯಾರು ರೀಚಾರ್ಜ್ ಮಾಡಬೇಕು ಎಂಬುದು ಯಾವ ಕಡತದಲ್ಲೂ ಇರಲಿಲ್ಲ.

ದೀಪ ಆರಿಸುವುದು ಹೊತ್ತಿಸುವಷ್ಟೇ ಮುಖ್ಯ. ಒಮ್ಮೆ ಕೆಲಸ ಮುಗಿದ ಮೇಲೂ ರಾತ್ರಿಯಿಡೀ ಮಿಟುಕುತ್ತಿತ್ತು. ಏರು ದಾಟಿ ಖಾಲಿ ರಸ್ತೆ ಕಂಡ ಚಾಲಕ ಮರುದಿನ ಅದನ್ನು ಲೆಕ್ಕಕ್ಕೇ ಇಡುವುದಿಲ್ಲ. ಈಗ 60 ನಿಮಿಷಕ್ಕೆ ತಾನೇ ಆರುತ್ತದೆ. ಬೇಕಿದ್ದರೆ ಮತ್ತೆ ಸಂದೇಶ ಕಳಿಸಬೇಕು.

ಕ್ಯಾಮೆರಾ ದಂಡದ ಬಗ್ಗೆ ನಿರೀಕ್ಷೆ ದೊಡ್ಡದಿತ್ತು. ಕೇಂದ್ರ ಮೋಟಾರು ವಾಹನ ನಿಯಮ 167ಎ ಪ್ರಕಾರ ವೇಗದ ಕ್ಯಾಮೆರಾ, ಸ್ಪೀಡ್ ಗನ್, ವಾಹನದ ಡ್ಯಾಶ್ ಕ್ಯಾಮೆರಾ, ಮೈಮೇಲಿನ ಕ್ಯಾಮೆರಾ ಎಲ್ಲವೂ ಒಪ್ಪಿತ ಸಾಧನಗಳೇ. ಆದರೆ ಸಾಧನಕ್ಕೆ ವರ್ಷ ವರ್ಷ ನವೀಕರಿಸುವ ಅನುಮೋದನೆ ಪತ್ರ ಬೇಕು, ಕ್ಯಾಮೆರಾ ಇದೆ ಎಂಬ ಫಲಕ ಬೇಕು, ತಪ್ಪು ನಡೆದ 15 ದಿನದೊಳಗೆ ನೋಟಿಸ್ ಹೋಗಬೇಕು. ಇದರಲ್ಲಿ ಒಂದು ತಪ್ಪಿದರೂ ಚಲನ್ ನಿಲ್ಲುವುದು ಕಷ್ಟ. ಹಾಗಾಗಿ ಪಿಕಪ್ಪಿನ ಡ್ಯಾಶ್ ಕ್ಯಾಮೆರಾವನ್ನು ದಂಡಕ್ಕೆ ಬಳಸದೆ ಪ್ರತಿ ಘಟನೆಯ ನಂತರದ ಪರಿಶೀಲನೆಗೆ ಮಾತ್ರ ಬಳಸಿದರು. ಆ ನಿರ್ಧಾರ ಸರಿಯಾದದ್ದೇ. ದಂಡಕ್ಕೆ ಎಂದಿದ್ದರೆ ಗಸ್ತಿನವರು ತಮ್ಮ ತಪ್ಪು ದಾಖಲಾಗುತ್ತದೆಂದು ಅದನ್ನು ತಿರುಗಿಸಿಡುತ್ತಿದ್ದರು.

ಕರೆಯ ಮಾಹಿತಿಯದು ತಂತ್ರಜ್ಞಾನಕ್ಕಿಂತ ಶಿಸ್ತಿನ ಕೆಲಸ. ಆಂಬುಲೆನ್ಸಿನ 108, ತುರ್ತು ನೆರವಿನ 112, ಹೆದ್ದಾರಿ ಸಹಾಯವಾಣಿ 1033, ಮೂರಕ್ಕೂ ಜನ ಬೇರೆ ಬೇರೆಯಾಗಿ ಕರೆ ಮಾಡುತ್ತಾರೆ. “ಪೆಟ್ರೋಲ್ ಬಂಕಿನ ಹತ್ತಿರ” ಎನ್ನುತ್ತಾರೆ. ಯಾವ ಬದಿಯ ರಸ್ತೆ ಎಂದು ಕೇಳದೆ ಹೊರಟರೆ ಆಚೆ ಬದಿಗೆ ತಲುಪಿ ಡಿವೈಡರ್ ಹಾರಬೇಕಾಗುತ್ತದೆ, ಇಲ್ಲವೇ ವಿರುದ್ಧ ದಿಕ್ಕಿನಲ್ಲಿ ಓಡಿಸಬೇಕಾಗುತ್ತದೆ. ಈಗ ಒಂದೇ ಸಾಲಿನ ಸಂದೇಶ: ಕಿಲೊಮೀಟರ್ ಕಲ್ಲು, ಯಾವ ಊರಿಂದ ಯಾವ ಊರ ಕಡೆ, ಯಾವ ಪಥ, ಏರಿನ ಈಚೆಯೋ ಆಚೆಯೋ.

ಮುಂದಿನ ಮಳೆಗಾಲದ ಪರೀಕ್ಷೆ

ಅದೇ ಇಳಿಜಾರಿನಲ್ಲಿ ಇನ್ನೊಂದು ಮಳೆಯ ರಾತ್ರಿ ಯಾರದೋ ಪಿಕಪ್ ಪಲ್ಟಿಯಾಯಿತು. ದೀಪ ಹೊತ್ತಿತು. ಗುರಾಣಿ ನಿಂತಿತು. ಓರೆ ಸಾಲಿನ ಮೂರು ಕೋನ್‌ಗಳ ಮೇಲೆ ಒಂದು ಕಾರು ಹಾಯ್ದಿತು. ಆ ಸದ್ದಿಗೇ ಸೀಟಿ ಊದಿ ಎಲ್ಲರೂ ಡಿವೈಡರ್ ಮೇಲೆ ಹತ್ತಿದರು, ಕಾರು ಗುರಾಣಿಗೆ ತುಸು ದೂರದಲ್ಲೇ ನಿಂತಿತು. ಕೋನ್ ವಾಹನವನ್ನು ತಡೆಯುವುದಿಲ್ಲ, ಆದರೆ ಒಂದೆರಡು ಸೆಕೆಂಡ್ ಮೊದಲೇ ಸುದ್ದಿ ಕೊಡುತ್ತದೆ. ಕೋನ್ ಕೊಂಡ ಹಣ ಅಲ್ಲಿಗೆ ಸಾರ್ಥಕವಾಯಿತು.

ತಪ್ಪಿದ್ದು ಬೇರೆ ಕಡೆ. ಕ್ರೇನ್ ಎತ್ತುವಾಗ ಎರಡೂ ಪಥ ನಿಲ್ಲಿಸಲೇಬೇಕು. ನಿಲ್ಲಿಸಿದಾಗ ವಾಹನಗಳ ಸಾಲು ಹಿಂದಕ್ಕೆ ಬೆಳೆದು ಏರು ದಾಟಿ, ಮಿಟುಕು ದೀಪದ ಕಂಬವನ್ನೂ ದಾಟಿತು. ಈಗ ಅಪಾಯ ಅಪಘಾತದ ಬಳಿ ಇರಲಿಲ್ಲ, ಸಾಲಿನ ಬಾಲದಲ್ಲಿತ್ತು. ಅಲ್ಲಿ ಯಾರೂ ಇರಲಿಲ್ಲ. ಒಂದು ಮೀನಿನ ಲಾರಿ ಚಕ್ರ ಜಾರಿಸಿಕೊಂಡು ಕೊನೆಯ ಕಾರಿಗೆ ಒಂದಡಿ ಉಳಿಸಿ ನಿಂತಿತು. ಆ ಬಳಿಕ ಕ್ರೇನ್ ಕೆಲಸಕ್ಕೆ ಮೊದಲು ಒಬ್ಬ ಪೊಲೀಸ್ ಬೈಕಿನಲ್ಲಿ ಬಾಲಕ್ಕೆ ಹೋಗಿ, ಸಾಲು ಬೆಳೆದಂತೆ ತಾನೂ ಹಿಂದೆ ಸರಿಯುತ್ತಾ ಇರಬೇಕೆಂದಾಯಿತು. ಆತ ತಲುಪಿದೆನೆಂದು ವಾಕಿಟಾಕಿಯಲ್ಲಿ ಹೇಳುವ ತನಕ ಕ್ರೇನ್ ತೋಳು ಎತ್ತುವಂತಿಲ್ಲ. ಸರ್ವಿಸ್ ರೋಡ್ ಇರುವ ಕಡೆ ನಿಲ್ಲಿಸುವುದರ ಬದಲು ಅದಕ್ಕೆ ಇಳಿಸುವುದೇ ಮೇಲು; ಈ ಜಾಗದಲ್ಲಿ ಅದು ಅರ್ಧಕ್ಕೇ ನಿಂತಿದೆ.

ನೆರೆದ ಜನರನ್ನು ಓಡಿಸಬೇಕೋ ಬಳಸಿಕೊಳ್ಳಬೇಕೋ ಎಂಬುದೂ ಚರ್ಚೆಗೆ ಬಂತು. ಗಾಯಾಳುವಿಗೆ ನೆರವಾದವರಿಗೆ ಮೋಟಾರು ವಾಹನ ಕಾಯ್ದೆಯ 134ಎ ಕಲಮಿನ ರಕ್ಷಣೆ ಇದೆ, ಅವರನ್ನು ಗದರಿಸಿ ಕಳಿಸುವುದು ಸಲ್ಲದು. ಆದರೆ ಜಾಕೆಟ್ ಇಲ್ಲದ ಹತ್ತು ಜನ ಪಥದಲ್ಲಿ ನಿಂತರೆ ಕೋನ್ ಸಾಲಿಗೆ ಅರ್ಥವಿಲ್ಲ. ಡಿವೈಡರಿನ ಮೇಲೋ ಮಣ್ಣಿನ ಆಚೆಗೋ ಒಂದು ಜಾಗ ತೋರಿಸಿ ಅಲ್ಲೇ ನಿಲ್ಲಲು ಹೇಳುವುದು, ಎತ್ತಲು ಬೇಕಾದ ಇಬ್ಬರನ್ನು ಮಾತ್ರ ಹೆಸರು ಹಿಡಿದು ಕರೆಯುವುದು, ಇಷ್ಟನ್ನು ಗಸ್ತಿನ ಸೀಟಿಯವನಿಗೆ ಒಪ್ಪಿಸಿದ್ದಾರೆ.

ಇತ್ಯರ್ಥವಾಗದೆ ಉಳಿದವು

ಎರಡು ಡಿಕ್ಕಿಗಳೂ ಬೇರೆ ಬೇರೆ ಪ್ರಕರಣಗಳಾಗಿಯೇ ದಾಖಲಾಗಿವೆ. ಒಂದರಿಂದ ಇನ್ನೊಂದು ಹುಟ್ಟಿತು ಎಂಬ ನಂಟು ಕಾಗದದಲ್ಲಿ ಇಲ್ಲ. 500 ಮೀಟರಿನೊಳಗೆ ಮೂರು ವರ್ಷದಲ್ಲಿ ಇಂತಿಷ್ಟು ಅಪಘಾತ ಎಂದು ಎಣಿಸಿ ಬ್ಲ್ಯಾಕ್‌ಸ್ಪಾಟ್ (ಪದೇ ಪದೇ ಅಪಘಾತವಾಗುವ ಜಾಗ) ಗುರುತಿಸುವ ಪದ್ಧತಿಯಲ್ಲಿ ಜಾಗ ಸಿಗುತ್ತದೆ, ಕಾರಣ ಸಿಗುವುದಿಲ್ಲ. ಠಾಣೆಯ ಬರಹಗಾರರು ಈಗ ಘಟನೆಯ ವಿವರಣೆಯಲ್ಲಿ “ನಿಂತ ತುರ್ತು ವಾಹನಕ್ಕೆ” ಎಂಬ ಮಾತು ಸೇರಿಸುತ್ತಾರೆ. ಮುಂದೆ ಯಾರಾದರೂ ಲೆಕ್ಕ ತೆಗೆಯಲು ಹೊರಟರೆ ಹುಡುಕಲು ಅಷ್ಟಾದರೂ ಇರಲಿ ಎಂದು.

ಠಾಣೆಗಳ ಗಡಿ ಹತ್ತಿರವಿರುವ ಕಡೆ ಯಾರ ಪೊಲೀಸ್ ಬರಬೇಕೆಂಬ ಪ್ರಶ್ನೆಗೆ ಮೊದಲು ತಲುಪಿದವರೇ ಕೋನ್ ಸಾಲಿನ ತಲೆಯಲ್ಲಿ ನಿಲ್ಲಬೇಕು, ಪ್ರಕರಣ ಯಾರದೆಂಬುದು ಆಮೇಲೆ ಎಂದು ಲಿಖಿತ ಸೂಚನೆ ಹೋಗಿದೆ. ಕಾಯಂ ವೇಗ ಮಿತಿಯ ಪ್ರಸ್ತಾವ ಇನ್ನೂ ಕಡತದಲ್ಲಿದೆ. ಒಡೆದ ಕೋನ್ ಬದಲಿಸುವ ಖರ್ಚು ಹೆದ್ದಾರಿ ನಿರ್ವಹಣೆಯ ಗುತ್ತಿಗೆಗೆ ಸೇರಿತು. ಮಿಟುಕು ದೀಪದ ಸಿಮ್ ಪೋಸ್ಟ್‌ಪೇಯ್ಡ್ ಆಗಿ ನಿಯಂತ್ರಣ ಕೊಠಡಿಯ ದೂರವಾಣಿ ಬಿಲ್ಲಿನೊಳಗೆ ಬಂತು. ಪ್ರತಿ ಸೋಮವಾರ ಬೆಳಗ್ಗೆ ಒಂದು ಸಂದೇಶ ಕಳಿಸಿ, ದೀಪ ಹೊತ್ತಿತೇ ಎಂದು ಗಸ್ತಿನವರಿಂದ ಕೇಳಿ, ಪುಸ್ತಕದಲ್ಲಿ ಬರೆದಿಡುತ್ತಾರೆ.